ಮಿಶ್ರಣದ ಲೆಕ್ಕಗಳು: ಹೇಳಿಕೆಯಿಂದ ಸಮೀಕರಣಕ್ಕೆ ಹೋಗುವ ದಾರಿ

ಬೀಜಗಣಿತ ಕಲಿಯುತ್ತಿರುವವರು ಮತ್ತು ಅವರಿಗೆ ಮನೆಯಲ್ಲಿ ಪಾಠ ಹೇಳಿಕೊಡುವವರು ನನ್ನನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದೇ. “ಸಮೀಕರಣ ಕೊಟ್ಟರೆ ಬಿಡಿಸಬಹುದು, ಆದರೆ ಮಿಶ್ರಣದ ಲೆಕ್ಕವನ್ನು ಓದಿದಾಗ ಆ ಸಮೀಕರಣವನ್ನು ಎಲ್ಲಿಂದ ತರಬೇಕು?” ಈ ಪ್ರಶ್ನೆ ನ್ಯಾಯವಾದದ್ದು. ಈ ಲೆಕ್ಕಗಳಲ್ಲಿ ಬೀಜಗಣಿತದ ಭಾಗ ಬಹಳ ಸುಲಭ, ಒಂದು ಚರಾಕ್ಷರವಿರುವ ಸರಳ ಸಮೀಕರಣವನ್ನು ಬಿಡಿಸಲು ಬಂದರೆ ಸಾಕು. ಕಷ್ಟವಿರುವುದು ಹೇಳಿಕೆಯನ್ನು ಓದಿ, ಅದರಲ್ಲಿ ಯಾವುದು ಯಾವುದಕ್ಕೆ ಸಮ ಎಂಬುದನ್ನು ಹಿಡಿಯುವಲ್ಲಿ. ಅದನ್ನು ಹಿಡಿಯುವ ಕ್ರಮವನ್ನೇ ಈ ಲೇಖನದಲ್ಲಿ ಹಂತ ಹಂತವಾಗಿ ವಿವರಿಸಿದ್ದೇನೆ. ಕಾಗದ, ಪೆನ್ಸಿಲು ಹತ್ತಿರ ಇಟ್ಟುಕೊಂಡು, ಪ್ರತಿ ಉದಾಹರಣೆಯನ್ನೂ ನೀವೇ ಬರೆಯುತ್ತಾ ಓದಬೇಕೆಂದು ಕೋರುತ್ತೇನೆ.

ಮೊದಲು ತಿಳಿದಿರಬೇಕಾದದ್ದು

ಶೇಕಡಾವನ್ನು ದಶಮಾಂಶಕ್ಕೆ ತಿರುಗಿಸಲು ಬರಬೇಕು (ಶೇ. 14 ಎಂದರೆ 0.14), ಆವರಣ ಬಿಡಿಸಲು ಬರಬೇಕು, ಸಮ ಚಿಹ್ನೆಯ ಒಂದು ಬದಿಯ ಪದವನ್ನು ಚಿಹ್ನೆ ಬದಲಿಸಿ ಇನ್ನೊಂದು ಬದಿಗೆ ಒಯ್ಯುವ ಪಕ್ಷಾಂತರ ಗೊತ್ತಿರಬೇಕು. ಇಷ್ಟಲ್ಲದೆ ನಾಲ್ಕು ಪದಗಳ ಅರ್ಥ ಖಚಿತವಾಗಿರಬೇಕು. ಕರಗುವ ವಸ್ತು ದ್ರಾವ್ಯ, ಅದನ್ನು ಕರಗಿಸಿಕೊಳ್ಳುವ ವಸ್ತು ದ್ರಾವಕ, ಎರಡೂ ಸೇರಿದ್ದು ದ್ರಾವಣ. ಉಪ್ಪುನೀರಿನಲ್ಲಿ ಉಪ್ಪು ದ್ರಾವ್ಯ, ನೀರು ದ್ರಾವಕ. ಇಡೀ ದ್ರಾವಣದಲ್ಲಿ ದ್ರಾವ್ಯದ ಪಾಲು ಎಷ್ಟು ಎಂಬುದು ಸಾರತೆ. ಇದನ್ನು ಸಾಂದ್ರತೆಯೊಂದಿಗೆ ಬೆರೆಸಬೇಡಿ. ಸಾಂದ್ರತೆ ಎಂದರೆ ನಿರ್ದಿಷ್ಟ ಗಾತ್ರದ ವಸ್ತುವಿನಲ್ಲಿರುವ ದ್ರವ್ಯರಾಶಿ, ಅದು ಬೇರೆಯೇ ವಿಷಯ.

ಪಠ್ಯಪುಸ್ತಕಗಳಲ್ಲಿ ಗೊತ್ತಿಲ್ಲದ ಸಂಖ್ಯೆಗೆ ಎಕ್ಸ್, ವೈ ಅಕ್ಷರಗಳನ್ನು ಬಳಸುವ ರೂಢಿಯಿದೆ. ಇಲ್ಲಿ ನಾನು ‘ಕ’ ಮತ್ತು ‘ಗ’ ಬಳಸಿದ್ದೇನೆ. ನೀವು ಯಾವ ಅಕ್ಷರವನ್ನು ಬಳಸಿದರೂ ಲೆಕ್ಕ ಅದೇ.

ಎಲ್ಲಕ್ಕೂ ಆಧಾರವಾದ ಒಂದು ಮಾತು

ಶೇ. 10ರ ಉಪ್ಪುನೀರಿಗೆ ಶೇ. 20ರ ಉಪ್ಪುನೀರನ್ನು ಸುರಿದರೆ ಶೇ. 30ರ ಉಪ್ಪುನೀರು ಬರುವುದಿಲ್ಲ. ಹೀಗೆ ಹೇಳಿದಾಗ ಎಲ್ಲರೂ ಒಪ್ಪುತ್ತಾರೆ, ಆದರೆ ಲೆಕ್ಕ ಬರೆಯುವಾಗ ಬಹಳ ಮಂದಿ ಶೇಕಡಾಗಳನ್ನೇ ಕೂಡಲು ಹೊರಡುತ್ತಾರೆ, ಇಲ್ಲವೇ ಎರಡನ್ನು ಕೂಡಿ ಅರ್ಧ ಮಾಡಿ ಶೇ. 15 ಎಂದು ಬರೆಯುತ್ತಾರೆ. ಎರಡೂ ದ್ರಾವಣಗಳ ಪ್ರಮಾಣ ಸಮವಾಗಿದ್ದಾಗ ಮಾತ್ರ ಆ ಅರ್ಧದ ಲೆಕ್ಕ ಸರಿ. ಒಂದು ಕೆಜಿಗೆ ಒಂಬತ್ತು ಕೆಜಿ ಬೆರೆಸಿದರೆ ಅದು ನಿಲ್ಲುವುದಿಲ್ಲ.

ಶೇಕಡಾ ಎಂಬುದು ಪಾತ್ರೆಯಲ್ಲಿರುವ ವಸ್ತುವಲ್ಲ, ವಸ್ತುವಿನ ಬಗ್ಗೆ ಹೇಳುವ ಹೋಲಿಕೆ. ಪಾತ್ರೆಯಲ್ಲಿ ನಿಜವಾಗಿ ಇರುವುದು ಇಷ್ಟು ಗ್ರಾಂ ಉಪ್ಪು, ಇಷ್ಟು ಗ್ರಾಂ ನೀರು. ಎರಡು ಪಾತ್ರೆಗಳನ್ನು ಒಂದಕ್ಕೆ ಸುರಿದಾಗ ಮೊದಲ ಪಾತ್ರೆಯ ಉಪ್ಪು, ಎರಡನೆಯ ಪಾತ್ರೆಯ ಉಪ್ಪು ಎರಡೂ ಹೊಸ ಪಾತ್ರೆಯಲ್ಲೇ ಇರುತ್ತವೆ. ಹೊಸದಾಗಿ ಉಪ್ಪು ಹುಟ್ಟುವುದಿಲ್ಲ, ಇದ್ದದ್ದು ಮಾಯವಾಗುವುದೂ ಇಲ್ಲ. ಆದ್ದರಿಂದ ಮಿಶ್ರಣದ ಸಮೀಕರಣವನ್ನು ಯಾವಾಗಲೂ ಶುದ್ಧ ವಸ್ತುವಿನ ಮೇಲೆ ಬರೆಯಬೇಕು:

ಮೊದಲನೆಯದರಲ್ಲಿರುವ ಶುದ್ಧ ವಸ್ತು + ಎರಡನೆಯದರಲ್ಲಿರುವ ಶುದ್ಧ ವಸ್ತು = ಮಿಶ್ರಣದಲ್ಲಿರುವ ಶುದ್ಧ ವಸ್ತು

ಪ್ರತಿಯೊಂದು ಶುದ್ಧ ವಸ್ತುವನ್ನೂ ಪಡೆಯುವ ಸೂತ್ರ ಒಂದೇ: ಪ್ರಮಾಣ × ಸಾರತೆ. ಭಾಸ್ಕರಾಚಾರ್ಯರು 1150ರಲ್ಲಿ ಬರೆದ ಗಣಿತಗ್ರಂಥದಲ್ಲಿ ಬೇರೆ ಬೇರೆ ಶುದ್ಧತೆಯ ಚಿನ್ನವನ್ನು ಕರಗಿಸಿ ಸೇರಿಸುವ ಲೆಕ್ಕಗಳಿಗೆ ಕೊಟ್ಟಿರುವ ನಿಯಮವೂ ಇದೇ: ಪ್ರತಿ ತುಂಡಿನ ತೂಕವನ್ನು ಅದರ ಶುದ್ಧತೆಯಿಂದ ಗುಣಿಸಿ, ಕೂಡಿ, ಒಟ್ಟು ತೂಕದಿಂದ ಭಾಗಿಸಬೇಕು.

ಹಂತ 1: ಹೇಳಿಕೆಯನ್ನು ವಿಭಕ್ತಿ ಪ್ರತ್ಯಯದವರೆಗೆ ಓದಿ

ನನ್ನ ಅನುಭವದಲ್ಲಿ ತಪ್ಪಾಗುವ ಉತ್ತರಗಳಲ್ಲಿ ಬಹುಪಾಲು ಇಲ್ಲೇ ತಪ್ಪಾಗಿರುತ್ತವೆ, ಆದ್ದರಿಂದ ಈ ಹಂತದಲ್ಲಿ ಸ್ವಲ್ಪ ನಿಲ್ಲೋಣ. ಕನ್ನಡದಲ್ಲಿ ಪದದ ಕೊನೆಯ ಒಂದು ಪ್ರತ್ಯಯ ಇಡೀ ಸಮೀಕರಣವನ್ನು ಬದಲಿಸುತ್ತದೆ. “ಸಾರತೆಯನ್ನು ಶೇ. 20ಕ್ಕೆ ಇಳಿಸಿ” ಎಂದರೆ ಕೊನೆಯಲ್ಲಿ ಉಳಿಯಬೇಕಾದ ಸಾರತೆ ಶೇ. 20. “ಸಾರತೆಯನ್ನು ಶೇ. 20ರಷ್ಟು ಇಳಿಸಿ” ಎಂದರೆ ಇದ್ದದ್ದರಲ್ಲಿ ಐದನೆಯ ಒಂದು ಭಾಗ ಕಡಿಮೆಯಾಗಬೇಕು. ಶೇ. 50 ಇದ್ದದ್ದು ಮೊದಲ ಹೇಳಿಕೆಯಲ್ಲಿ ಶೇ. 20 ಆಗುತ್ತದೆ, ಎರಡನೆಯದರಲ್ಲಿ ಶೇ. 40 ಆಗುತ್ತದೆ.

ಹಾಗೆಯೇ “12 ಲೀಟರ್ ನೀರು ಸೇರಿಸಿದರೆ” ಮತ್ತು “ನೀರು ಸೇರಿಸಿ 12 ಲೀಟರ್ ಮಾಡಿದರೆ” ಎಂಬ ಎರಡು ಮಾತುಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಮೊದಲನೆಯದರಲ್ಲಿ 12 ಎಂಬುದು ಸೇರಿದ ನೀರು, ಎರಡನೆಯದರಲ್ಲಿ 12 ಎಂಬುದು ಕೊನೆಯ ಒಟ್ಟು ಪ್ರಮಾಣ. “ಮೊದಲನೆಯದರ ಎರಡರಷ್ಟು” ಎಂದರೆ 2ಕ, “ಮೊದಲನೆಯದಕ್ಕಿಂತ ಎರಡು ಲೀಟರ್ ಹೆಚ್ಚು” ಎಂದರೆ ಕ + 2. ಹೇಳಿಕೆಯನ್ನು ಎರಡು ಬಾರಿ ಓದಿ, ಸಂಖ್ಯೆಗಳ ಕೆಳಗೆ ಗೆರೆ ಎಳೆಯಿರಿ, ಪ್ರತಿ ಸಂಖ್ಯೆಯ ಪಕ್ಕದಲ್ಲಿ ಅದು ಪ್ರಮಾಣವೋ ಸಾರತೆಯೋ, ಆರಂಭದ್ದೋ ಕೊನೆಯದ್ದೋ ಎಂದು ಬರೆದುಕೊಳ್ಳಿ. ಇದಕ್ಕೆ ಹಿಡಿಯುವ ಒಂದು ನಿಮಿಷ ಮುಂದೆ ಹತ್ತು ನಿಮಿಷ ಉಳಿಸುತ್ತದೆ.

ಈಗ ನಮ್ಮ ಮುಖ್ಯ ಉದಾಹರಣೆಯನ್ನು ತೆಗೆದುಕೊಳ್ಳೋಣ: *ತೂಕದ ಲೆಕ್ಕದಲ್ಲಿ ಶೇ. 8 ಮತ್ತು ಶೇ. 24 ಉಪ್ಪಿರುವ ಎರಡು ದ್ರಾವಣಗಳಿವೆ. ಇವೆರಡನ್ನೂ ಬೆರೆಸಿ ಶೇ. 14ರ 20 ಕೆಜಿ ದ್ರಾವಣ ಮಾಡಬೇಕು. ಯಾವುದು ಎಷ್ಟು ಬೇಕು?*

ಹಂತ 2: ಲೆಕ್ಕ ಮಾಡುವ ಮೊದಲು ಅಂದಾಜು ಮಾಡಿ

ಉತ್ತರ ಶೇ. 14 ಆಗಬೇಕು. 14 ಎಂಬುದು 8ಕ್ಕೆ 6 ದೂರದಲ್ಲಿದೆ, 24ಕ್ಕೆ 10 ದೂರದಲ್ಲಿದೆ. ಹತ್ತಿರವಿರುವ ದ್ರಾವಣವೇ ಹೆಚ್ಚು ಬೇಕಾಗುತ್ತದೆ, ಹಾಗಾಗಿ ಶೇ. 8ರ ದ್ರಾವಣ 10 ಕೆಜಿಗಿಂತ ಹೆಚ್ಚು, ಶೇ. 24ರದ್ದು 10 ಕೆಜಿಗಿಂತ ಕಡಿಮೆ ಇರಲೇಬೇಕು. ಈ ಒಂದು ಸಾಲನ್ನು ಪುಟದ ಅಂಚಿನಲ್ಲಿ ಬರೆದಿಡಿ. ಕೊನೆಯಲ್ಲಿ ಉತ್ತರ ಇದಕ್ಕೆ ವಿರುದ್ಧವಾಗಿ ಬಂದರೆ ಎಲ್ಲೋ ಎರಡು ದ್ರಾವಣಗಳು ಅದಲುಬದಲಾಗಿವೆ ಎಂದು ಕೂಡಲೇ ತಿಳಿಯುತ್ತದೆ.

ಹಂತ 3: ಗೊತ್ತಿಲ್ಲದ್ದಕ್ಕೆ ಹೆಸರಿಡಿ, ಪೂರ್ಣ ವಾಕ್ಯದಲ್ಲಿ

“ಶೇ. 8ರ ದ್ರಾವಣದ ತೂಕ ಕ ಕೆಜಿ ಆಗಿರಲಿ” ಎಂದು ಬರೆಯಿರಿ. ಬರೀ “ಉಪ್ಪು = ಕ” ಎಂದು ಬರೆದರೆ, ಕ ಎಂಬುದು ದ್ರಾವಣದ ತೂಕವೋ ಅದರೊಳಗಿನ ಉಪ್ಪಿನ ತೂಕವೋ ಎಂಬುದು ಎರಡು ಸಾಲು ಕಳೆಯುವಷ್ಟರಲ್ಲಿ ನಿಮಗೇ ಮರೆತುಹೋಗುತ್ತದೆ. ಒಟ್ಟು 20 ಕೆಜಿ ಎಂದು ಕೊಟ್ಟಿರುವುದರಿಂದ ಉಳಿದದ್ದು ಶೇ. 24ರ ದ್ರಾವಣ, ಅಂದರೆ 20 − ಕ ಕೆಜಿ. ಇದನ್ನು ಕ − 20 ಎಂದು ಬರೆಯುವ ತಪ್ಪು ಸಾಮಾನ್ಯ. ಒಟ್ಟಿನಿಂದ ಭಾಗವನ್ನು ಕಳೆಯಬೇಕೇ ಹೊರತು ಭಾಗದಿಂದ ಒಟ್ಟನ್ನಲ್ಲ.

ಹಂತ 4: ಪಟ್ಟಿ ಬರೆಯಿರಿ

ಅಭ್ಯಾಸವಾದವರು ಈ ಹಂತವನ್ನು ಬಿಟ್ಟು ನೇರವಾಗಿ ಸಮೀಕರಣಕ್ಕೆ ಹೋಗುತ್ತಾರೆ. ಹೊಸಬರು ಬಿಡಬಾರದು.

| | ತೂಕ (ಕೆಜಿ) | ಸಾರತೆ | ಉಪ್ಪು (ಕೆಜಿ) |
|---|---|---|---|
| ಮೊದಲನೆಯದು | ಕ | 0.08 | 0.08ಕ |
| ಎರಡನೆಯದು | 20 − ಕ | 0.24 | 0.24(20 − ಕ) |
| ಮಿಶ್ರಣ | 20 | 0.14 | 0.14 × 20 |

ಪಟ್ಟಿಯನ್ನು ಓದುವ ಕ್ರಮ ಹೀಗೆ: ಅಡ್ಡಸಾಲಿನಲ್ಲಿ ಗುಣಿಸಬೇಕು, ಕಂಬಸಾಲಿನಲ್ಲಿ ಕೂಡಬೇಕು. ತೂಕದ ಕಂಬಸಾಲು ಕೂಡುತ್ತದೆ, ಉಪ್ಪಿನ ಕಂಬಸಾಲು ಕೂಡುತ್ತದೆ. ಸಾರತೆಯ ಕಂಬಸಾಲನ್ನು ಮಾತ್ರ ಎಂದಿಗೂ ಕೂಡಬಾರದು. ಬೇಕಿದ್ದರೆ ಅದರ ಮೇಲೊಂದು ಗುಣಾಕಾರದ ಚಿಹ್ನೆ ಬರೆದುಕೊಳ್ಳಿ.

ಹಂತ 5: ಸಮೀಕರಣ ಬರೆದು ಬಿಡಿಸಿ

ಉಪ್ಪಿನ ಕಂಬಸಾಲೇ ನಮ್ಮ ಸಮೀಕರಣ:

0.08ಕ + 0.24(20 − ಕ) = 0.14 × 20

ದಶಮಾಂಶ ಬೇಡವೆನಿಸಿದರೆ ಎರಡೂ ಬದಿಯನ್ನು 100ರಿಂದ ಗುಣಿಸಿ:

8ಕ + 24(20 − ಕ) = 14 × 20
8ಕ + 480 − 24ಕ = 280
−16ಕ = −200
ಕ = 12.5

ಅಂದರೆ ಶೇ. 8ರ ದ್ರಾವಣ 12.5 ಕೆಜಿ, ಶೇ. 24ರದ್ದು 20 − 12.5 = 7.5 ಕೆಜಿ. ಎರಡನೆಯ ಸಾಲಿನಲ್ಲಿ 24ನ್ನು ಆವರಣದೊಳಗಿನ ಎರಡೂ ಪದಗಳಿಗೆ ಗುಣಿಸಿರುವುದನ್ನು ಗಮನಿಸಿ. 20ಕ್ಕೆ ಮಾತ್ರ ಗುಣಿಸಿ ಕ ಅನ್ನು ಹಾಗೇ ಬಿಟ್ಟರೆ 8ಕ + 480 − ಕ ಎಂದಾಗಿ, ಉತ್ತರ ಋಣ ಸಂಖ್ಯೆಯಾಗಿ ಬಂದು ನಿಲ್ಲುತ್ತದೆ.

ಹಂತ 6: ಹೇಳಿಕೆಗೆ ತಾಳೆ ನೋಡಿ, ಸಮೀಕರಣಕ್ಕಲ್ಲ

ಉತ್ತರವನ್ನು ಸಮೀಕರಣದಲ್ಲಿ ಆದೇಶಿಸಿ (ಅಂದರೆ ಕ ಇದ್ದಲ್ಲಿ 12.5 ಇಟ್ಟು) ನೋಡಿದರೆ ಬಿಡಿಸಿದ್ದು ಸರಿಯೇ ಎಂದು ತಿಳಿಯುತ್ತದೆ, ಸಮೀಕರಣವೇ ಸರಿಯೇ ಎಂದು ತಿಳಿಯುವುದಿಲ್ಲ. ಆದ್ದರಿಂದ ಹೇಳಿಕೆಗೇ ಹಿಂತಿರುಗಿ. 12.5 ಕೆಜಿಯ ಶೇ. 8 ಎಂದರೆ 1 ಕೆಜಿ ಉಪ್ಪು. 7.5 ಕೆಜಿಯ ಶೇ. 24 ಎಂದರೆ 1.8 ಕೆಜಿ. ಒಟ್ಟು 2.8 ಕೆಜಿ ಉಪ್ಪು, 20 ಕೆಜಿಯಲ್ಲಿ. 2.8 ÷ 20 = 0.14. ಶೇ. 14 ಬಂತು, ಶೇ. 8ರದ್ದು ಹೆಚ್ಚಿರಬೇಕೆಂಬ ಅಂದಾಜಿಗೂ ಹೊಂದಿತು. ಅಂದಾಜಿನಲ್ಲಿ ಕಂಡ ದೂರಗಳನ್ನು ಈಗ ಮತ್ತೆ ನೋಡಿ: 6 ಮತ್ತು 10. ಉತ್ತರದ ಅನುಪಾತ 12.5 : 7.5, ಅಂದರೆ 10 : 6. ದೂರಗಳು ತಿರುವುಮುರುವಾಗಿ ಬಂದಿವೆ. ಇದು ಈ ಒಂದು ಲೆಕ್ಕದ ಆಕಸ್ಮಿಕವಲ್ಲ, ಎರಡು ಮಿಶ್ರಣಗಳ ಎಲ್ಲ ಲೆಕ್ಕಗಳಲ್ಲೂ ಹೀಗೇ ಆಗುತ್ತದೆ. ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುವವರು ಬಾಯಲ್ಲೇ ಮಾಡುವ ಅಡ್ಡಗೆರೆಯ ಲೆಕ್ಕಕ್ಕೆ (ಎರಡು ದೂರಗಳನ್ನು ಅದಲುಬದಲು ಮಾಡಿ ನೇರವಾಗಿ ಅನುಪಾತ ಬರೆಯುವ ವಿಧಾನಕ್ಕೆ) ಆಧಾರ ಇದೇ. ಸಮೀಕರಣ ಬರೆಯಲು ಗಟ್ಟಿಯಾಗಿ ಬಂದ ಮೇಲೆ ಅದನ್ನು ಬಳಸಿ, ಮೊದಲೇ ಬಳಸಿದರೆ ಮುಂದೆ ಬರುವ ಬಗೆಗಳಲ್ಲಿ ದಾರಿ ತಪ್ಪುತ್ತದೆ.

ಋಣ ಉತ್ತರದ ಬಗ್ಗೆ ಒಂದು ಮಾತು. ಇದೇ ಎರಡು ದ್ರಾವಣಗಳಿಂದ ಶೇ. 30ರ ದ್ರಾವಣ ಕೇಳಿದ್ದರೆ 8ಕ + 24(20 − ಕ) = 600 ಎಂದಾಗಿ ಕ = −7.5 ಬರುತ್ತಿತ್ತು. ಬೀಜಗಣಿತ ಇಲ್ಲಿ ತಪ್ಪಿಲ್ಲ. ಶೇ. 8 ಮತ್ತು ಶೇ. 24ರ ನಡುವಿನ ಸಾರತೆಯನ್ನಷ್ಟೇ ಇವುಗಳಿಂದ ಪಡೆಯಬಹುದು, ಅದಕ್ಕಿಂತ ಹೆಚ್ಚಿನದನ್ನು ಪಡೆಯಲಾಗದು ಎಂದು ಅದು ತಿಳಿಸುತ್ತಿದೆ. ಆದ್ದರಿಂದ ಋಣ ಚಿಹ್ನೆಯನ್ನು ಅಳಿಸಿ 7.5 ಎಂದು ಬರೆಯಬೇಡಿ.

ನೀರು ಸೇರಿಸುವುದು, ಆವಿಯಾಗಿಸುವುದು, ಶುದ್ಧ ವಸ್ತು ಸೇರಿಸುವುದು

ಇವು ಬೇರೆ ಬಗೆಯ ಲೆಕ್ಕಗಳೆಂದು ಹೆದರುವವರಿದ್ದಾರೆ. ಹಾಗೇನೂ ಇಲ್ಲ. ಬರೀ ನೀರು ಎಂದರೆ ಶೇ. 0ರ ದ್ರಾವಣ, ಬರೀ ಉಪ್ಪು ಎಂದರೆ ಶೇ. 100ರ “ದ್ರಾವಣ”. ಪಟ್ಟಿಯಲ್ಲಿ ಆ ಸಂಖ್ಯೆಗಳನ್ನು ಬರೆದರೆ ಎಲ್ಲವೂ ಮೊದಲಿನಂತೆಯೇ.

ನೀರು ಸೇರಿದಾಗಲೂ ಆವಿಯಾದಾಗಲೂ ಉಪ್ಪು ಬದಲಾಗುವುದಿಲ್ಲ, ಹಾಗಾಗಿ ಇವು ಎಲ್ಲಕ್ಕಿಂತ ಸುಲಭ. ಸಮುದ್ರದ ನೀರಿನಲ್ಲಿ ಸರಾಸರಿ ಶೇ. 3.5ರಷ್ಟು ಲವಣಗಳಿರುತ್ತವೆ. ಅಂಥ 100 ಕೆಜಿ ನೀರನ್ನು ಶೇ. 14ರ ಸಾರತೆಗೆ ತರಲು ಎಷ್ಟು ನೀರು ಆವಿಯಾಗಬೇಕು? ಲವಣ 3.5 ಕೆಜಿ, ಅದು ಹಾಗೇ ಉಳಿಯುತ್ತದೆ. ಆವಿಯಾಗುವ ನೀರು ಕ ಕೆಜಿ ಆದರೆ 3.5 = 0.14(100 − ಕ). ಇದರಿಂದ 100 − ಕ = 25, ಕ = 75. ಸಾರತೆ ನಾಲ್ಕು ಪಟ್ಟಾಗಲು ಒಟ್ಟು ತೂಕ ನಾಲ್ಕನೆಯ ಒಂದು ಭಾಗಕ್ಕೆ ಇಳಿಯಬೇಕು.

ಶುದ್ಧ ವಸ್ತುವನ್ನು ಸೇರಿಸುವಾಗ ಮಾತ್ರ ಒಂದು ಹಳ್ಳವಿದೆ. ಶೇ. 5ರ 40 ಕೆಜಿ ಉಪ್ಪುನೀರನ್ನು ಉಪ್ಪು ಹಾಕಿ ಶೇ. 20ಕ್ಕೆ ಏರಿಸಬೇಕು ಎನ್ನಿ. ಈಗಿರುವ ಉಪ್ಪು 2 ಕೆಜಿ, ಸೇರಿಸುವ ಉಪ್ಪು ಕ ಕೆಜಿ. ಅನೇಕರು 40ರ ಶೇ. 20 ಎಂದರೆ 8, ಆದ್ದರಿಂದ 2 + ಕ = 8, ಕ = 6 ಎಂದು ಮುಗಿಸುತ್ತಾರೆ. ತಾಳೆ ನೋಡಿ: ಉಪ್ಪು 8 ಕೆಜಿ, ಆದರೆ ಒಟ್ಟು ತೂಕ ಈಗ 46 ಕೆಜಿ, ಸಾರತೆ ಸುಮಾರು ಶೇ. 17.4. ಹಾಕಿದ ಉಪ್ಪು ಒಟ್ಟು ತೂಕವನ್ನೂ ಹೆಚ್ಚಿಸಿತು ಎಂಬುದು ಲೆಕ್ಕದಲ್ಲಿ ಬಿಟ್ಟುಹೋಗಿದೆ. ಸರಿಯಾದ ಸಮೀಕರಣ ಹೀಗಿದೆ:

2 + ಕ = 0.20(40 + ಕ)
2 + ಕ = 8 + 0.2ಕ
0.8ಕ = 6
ಕ = 7.5

9.5 ÷ 47.5 = 0.20. ಇದೇ ಸಮೀಕರಣವನ್ನು 100ರಿಂದ ಗುಣಿಸುವವರು 200 + 100ಕ = 20(40 + ಕ) ಎಂದು ಬರೆಯಬೇಕು. ದಶಮಾಂಶವಿರುವ ಪದಕ್ಕೆ ಮಾತ್ರ ಗುಣಿಸಿ, ಎಡಬದಿಯನ್ನು ಹಾಗೇ ಉಳಿಸುವುದು ಬಹಳ ಸಲ ನಾನು ಕಂಡಿರುವ ತಪ್ಪು.

ತೆಗೆದು ತುಂಬುವ ಲೆಕ್ಕ

ವಿದ್ಯಾರ್ಥಿಗಳನ್ನು ಅತಿ ಹೆಚ್ಚು ಕಾಡುವುದು ಇದು. *ಎಂಜಿನ್ ತಂಪುಗೊಳಿಸುವ ರೇಡಿಯೇಟರಿನಲ್ಲಿ 12 ಲೀಟರ್ ದ್ರವವಿದೆ. ಅದರಲ್ಲಿ ಶೇ. 25 ಎಥಿಲೀನ್ ಗ್ಲೈಕಾಲ್, ಉಳಿದದ್ದು ನೀರು. ಸ್ವಲ್ಪ ದ್ರವವನ್ನು ಹೊರಬಿಟ್ಟು, ಅಷ್ಟೇ ಪ್ರಮಾಣದ ಶುದ್ಧ ಗ್ಲೈಕಾಲ್ ತುಂಬಿ ಶೇ. 50 ಮಾಡಬೇಕು. ಎಷ್ಟು ಹೊರಬಿಡಬೇಕು?*

ಗ್ಲೈಕಾಲ್ 3 ಲೀಟರ್ ಇದೆ, 6 ಲೀಟರ್ ಬೇಕು, ಆದ್ದರಿಂದ 3 ಲೀಟರ್ ಬದಲಾಯಿಸಿದರೆ ಸಾಕು ಎಂದು ಯಾರಿಗಾದರೂ ಅನಿಸುತ್ತದೆ. ಹೊರಬಿಟ್ಟ ದ್ರವದ ಜೊತೆಗೆ ಒಂದಷ್ಟು ಗ್ಲೈಕಾಲ್ ಕೂಡ ಹೊರಗೆ ಹೋಯಿತು ಎಂಬುದೇ ಇಲ್ಲಿ ಮರೆತುಹೋಗುವ ಸಂಗತಿ. 3 ಲೀಟರ್ ಬದಲಾಯಿಸಿದರೆ ಉಳಿದ 9 ಲೀಟರಿನಲ್ಲಿ 2.25 ಲೀಟರ್ ಗ್ಲೈಕಾಲ್, ಅದಕ್ಕೆ 3 ಸೇರಿ 5.25, ಅಂದರೆ ಶೇ. 43.75 ಮಾತ್ರ.

ಈ ಬಗೆಯ ಲೆಕ್ಕವನ್ನು ಎರಡು ಕ್ರಿಯೆಗಳಾಗಿ ಒಡೆಯಿರಿ. ಹೊರಬಿಟ್ಟ ದ್ರವ ಕ ಲೀಟರ್ ಆದರೆ, ಮೊದಲ ಕ್ರಿಯೆಯ ನಂತರ ಒಳಗೆ ಉಳಿಯುವುದು 12 − ಕ ಲೀಟರ್. ಅದರ ಸಾರತೆ ಇನ್ನೂ ಶೇ. 25 ಆಗಿಯೇ ಇದೆ, ಏಕೆಂದರೆ ಚೆನ್ನಾಗಿ ಬೆರೆತ ದ್ರವದಿಂದ ಎಷ್ಟು ತೆಗೆದರೂ ಉಳಿದದ್ದರ ಸಾರತೆ ಬದಲಾಗದು. ಎರಡನೆಯ ಕ್ರಿಯೆಯಲ್ಲಿ ಕ ಲೀಟರ್ ಶುದ್ಧ ಗ್ಲೈಕಾಲ್ ಸೇರುತ್ತದೆ, ಒಟ್ಟು ಮತ್ತೆ 12 ಆಗುತ್ತದೆ.

0.25(12 − ಕ) + ಕ = 0.50 × 12
3 − 0.25ಕ + ಕ = 6
0.75ಕ = 3
ಕ = 4

ಉಳಿದ 8 ಲೀಟರಿನಲ್ಲಿ 2 ಲೀಟರ್, ಸೇರಿದ್ದು 4 ಲೀಟರ್, ಒಟ್ಟು 12ರಲ್ಲಿ 6. ತೆಗೆದು ತುಂಬುವುದನ್ನು ಹಲವು ಬಾರಿ ಮಾಡಿದರೆ ಪ್ರತಿ ಬಾರಿಯೂ ಅದೇ ಭಿನ್ನರಾಶಿಯಿಂದ ಗುಣಿಸುತ್ತಾ ಹೋಗಬೇಕು. 10 ಲೀಟರ್ ಆಮ್ಲದಿಂದ ಪ್ರತಿ ಸಲ 2 ಲೀಟರ್ ತೆಗೆದು ನೀರು ತುಂಬಿದರೆ ಆಮ್ಲ 8, 6.4, 5.12 ಲೀಟರ್ ಎಂದು ಇಳಿಯುತ್ತದೆ. 8, 6, 4 ಎಂದು ಇಳಿಯುವುದಿಲ್ಲ.

ಶೇಕಡಾ ಇಲ್ಲದ ಲೆಕ್ಕಗಳು

ಸಾರತೆಯನ್ನು ಅನುಪಾತದಲ್ಲಿ ಕೊಟ್ಟಾಗ ಎಚ್ಚರ ಬೇಕು. ಆಮ್ಲ ಮತ್ತು ನೀರು 3 : 2 ಎಂದರೆ ಆಮ್ಲದ ಪಾಲು ಮೂರರಲ್ಲಿ ಎರಡೂ ಅಲ್ಲ, ಎರಡರಲ್ಲಿ ಮೂರೂ ಅಲ್ಲ, ಐದರಲ್ಲಿ ಮೂರು. ಮೊದಲು ಎರಡು ಸಂಖ್ಯೆಗಳನ್ನು ಕೂಡಿ ಛೇದ ಮಾಡಿಕೊಳ್ಳಿ. ಉದಾಹರಣೆಗೆ 35 ಲೀಟರ್ ದ್ರಾವಣದಲ್ಲಿ ಆಮ್ಲ ಮತ್ತು ನೀರು 4 : 1 ಇದ್ದರೆ ಆಮ್ಲ 28, ನೀರು 7. ನೀರು ಸೇರಿಸಿ 2 : 1 ಮಾಡಬೇಕೆಂದರೆ ಆಮ್ಲವು ನೀರಿನ ಎರಡರಷ್ಟು ಇರಬೇಕು: 28 = 2(7 + ಕ), ಕ = 7.

ಚಿನ್ನದ ಶುದ್ಧತೆಯನ್ನು ಕ್ಯಾರಟ್‌ನಲ್ಲಿ ಹೇಳುತ್ತಾರೆ. 24 ಕ್ಯಾರಟ್ ಎಂದರೆ ಶುದ್ಧ ಚಿನ್ನ, 18 ಕ್ಯಾರಟ್ ಎಂದರೆ 24 ಪಾಲಿನಲ್ಲಿ 18 ಪಾಲು ಚಿನ್ನ, ಅಂದರೆ ಶೇ. 75. ಇದನ್ನು ಶೇಕಡಾಕ್ಕೆ ತಿರುಗಿಸುವ ಅಗತ್ಯವೇ ಇಲ್ಲ, ಕ್ಯಾರಟ್ ಸಂಖ್ಯೆಗಳನ್ನೇ ಸಾರತೆಯ ಕಂಬಸಾಲಿನಲ್ಲಿ ಬರೆಯಬಹುದು. 18 ಕ್ಯಾರಟ್‌ನ 30 ಗ್ರಾಂಗೆ ಎಷ್ಟು ಶುದ್ಧ ಚಿನ್ನ ಸೇರಿಸಿದರೆ 22 ಕ್ಯಾರಟ್ ಆಗುತ್ತದೆ?

18 × 30 + 24ಕ = 22(30 + ಕ)
540 + 24ಕ = 660 + 22ಕ
ಕ = 60

22 ಎಂಬುದು 24ಕ್ಕೆ 2 ದೂರ, 18ಕ್ಕೆ 4 ದೂರ. ಹಾಗಾಗಿ ಶುದ್ಧ ಚಿನ್ನ ಎರಡರಷ್ಟು ಬೇಕಾಯಿತು.

ಎರಡು ಚರಾಕ್ಷರಗಳು ಯಾವಾಗ ಬೇಕು?

ಪ್ರಮಾಣಗಳು ಗೊತ್ತಿಲ್ಲದಿದ್ದಾಗ ಒಂದೇ ಚರಾಕ್ಷರದಿಂದ ಸಾಮಾನ್ಯವಾಗಿ ಕೆಲಸ ಮುಗಿಯುತ್ತದೆ. ಸಾರತೆಗಳೇ ಗೊತ್ತಿಲ್ಲದಿದ್ದಾಗ ಎರಡು ಚರಾಕ್ಷರ, ಎರಡು ಸಮೀಕರಣ ಬರೆಯುವುದೇ ಅನುಕೂಲ. ಬೆಳ್ಳಿಯ ಅಂಶ ತಿಳಿಯದ ಎರಡು ಮಿಶ್ರಲೋಹಗಳಿವೆ ಎನ್ನಿ. ಮೊದಲನೆಯದರ 4 ಕೆಜಿ, ಎರಡನೆಯದರ 6 ಕೆಜಿ ಸೇರಿಸಿ ಕರಗಿಸಿದರೆ ಶೇ. 38 ಬೆಳ್ಳಿಯ ಲೋಹ ಬರುತ್ತದೆ, ಎರಡನ್ನೂ ಸಮ ತೂಕದಲ್ಲಿ ಸೇರಿಸಿದರೆ ಶೇ. 35 ಬರುತ್ತದೆ. ಬೆಳ್ಳಿಯ ಶೇಕಡಾ ಮೊದಲನೆಯದರಲ್ಲಿ ಕ, ಎರಡನೆಯದರಲ್ಲಿ ಗ ಆಗಿರಲಿ.

4ಕ + 6ಗ = 38 × 10 = 380
ಕ + ಗ = 35 × 2 = 70

ಎರಡನೆಯದನ್ನು 4ರಿಂದ ಗುಣಿಸಿ ಮೊದಲನೆಯದರಿಂದ ಕಳೆದರೆ 2ಗ = 100. ಗ = 50, ಕ = 20. ಸಮ ತೂಕ ಎಷ್ಟೆಂದು ಹೇಳಿಲ್ಲವಲ್ಲ ಎಂದು ಗಾಬರಿಯಾಗಬೇಡಿ. ತಲಾ 1 ಕೆಜಿ ಎಂದುಕೊಳ್ಳಿ, ತಲಾ 7 ಕೆಜಿ ಎಂದುಕೊಂಡರೂ ಆ ಸಂಖ್ಯೆ ಎರಡೂ ಬದಿಯಿಂದ ಹೊಡೆದುಹೋಗುತ್ತದೆ.

ಕಾಗದದ ಲೆಕ್ಕ ಮತ್ತು ನಿಜವಾದ ಪಾತ್ರೆ

ನಾನು ಉಪ್ಪಿನ ಉದಾಹರಣೆಗಳನ್ನೆಲ್ಲ ಕೆಜಿಯಲ್ಲಿ ಕೊಟ್ಟಿರುವುದಕ್ಕೆ ಕಾರಣವಿದೆ. ತೂಕಗಳು ಯಾವಾಗಲೂ ಕೂಡುತ್ತವೆ, ಗಾತ್ರಗಳು ಯಾವಾಗಲೂ ಕೂಡುವುದಿಲ್ಲ. 50 ಮಿಲಿಲೀಟರ್ ನೀರಿಗೆ 50 ಮಿಲಿಲೀಟರ್ ಎಥೆನಾಲ್ ಬೆರೆಸಿದರೆ 100 ಮಿಲಿಲೀಟರ್ ಬರುವುದಿಲ್ಲ, 97ರ ಆಸುಪಾಸಿನಲ್ಲಿ ನಿಲ್ಲುತ್ತದೆ, ಏಕೆಂದರೆ ಎರಡರ ಅಣುಗಳೂ ಬೆರೆತಾಗ ಮೊದಲಿಗಿಂತ ಒತ್ತಾಗಿ ಕೂರುತ್ತವೆ. ಲೀಟರಿನಲ್ಲಿ ಕೊಟ್ಟ ಲೆಕ್ಕಗಳು ಈ ಕುಗ್ಗುವಿಕೆಯನ್ನು ಬದಿಗಿಟ್ಟು, ಗಾತ್ರಗಳು ನೇರವಾಗಿ ಕೂಡುತ್ತವೆ ಎಂದು ಭಾವಿಸಿ ರಚಿಸಿದವು. ಪರೀಕ್ಷೆಯಲ್ಲಿ ನೀವೂ ಹಾಗೆಯೇ ಭಾವಿಸಬೇಕು. ಆದರೆ ಒಂದೇ ಲೆಕ್ಕದಲ್ಲಿ ಒಂದು ಪ್ರಮಾಣ ಕೆಜಿಯಲ್ಲೂ ಇನ್ನೊಂದು ಲೀಟರಿನಲ್ಲೂ ಇರಲು ಬಿಡಬೇಡಿ. ಮಿಲಿಲೀಟರ್ ಮತ್ತು ಲೀಟರ್ ಬೆರೆತಿದ್ದರೆ ಮೊದಲು ಒಂದಕ್ಕೆ ತನ್ನಿ.

ಶೇ. 40 ಅಥವಾ ಶೇ. 50ರ ಉಪ್ಪುನೀರಿನ ಲೆಕ್ಕ ಕಂಡರೆ ಬಿಡಿಸಿ, ಆದರೆ ಅಂಥ ಉಪ್ಪುನೀರು ಸಾಮಾನ್ಯ ಉಷ್ಣತೆಯಲ್ಲಿ ಇರಲಾರದು ಎಂಬುದೂ ತಿಳಿದಿರಲಿ. ತೂಕದ ಲೆಕ್ಕದಲ್ಲಿ ಸುಮಾರು ಶೇ. 26 ತಲುಪಿದ ಮೇಲೆ ಅಡುಗೆ ಉಪ್ಪು ನೀರಿನಲ್ಲಿ ಕರಗುವುದು ನಿಂತು ತಳಕ್ಕೆ ಇಳಿಯುತ್ತದೆ. ಇಂಥ ಲೆಕ್ಕ ರಚಿಸುವ ಶಿಕ್ಷಕರು ಉಪ್ಪಿನ ಬದಲು ಮಿಶ್ರಲೋಹವನ್ನೋ ಆಮ್ಲವನ್ನೋ ಆರಿಸಿಕೊಂಡರೆ ವಿಜ್ಞಾನಕ್ಕೂ ನ್ಯಾಯ ಒದಗುತ್ತದೆ. ಪ್ರಯೋಗಾಲಯದಲ್ಲಿ ಆಮ್ಲವನ್ನು ನಿಜವಾಗಿಯೇ ದುರ್ಬಲಗೊಳಿಸುವಾಗ ಸಮೀಕರಣ ಹೇಳದ ಒಂದು ನಿಯಮವೂ ಇದೆ: ಆಮ್ಲವನ್ನು ನೀರಿಗೆ ನಿಧಾನವಾಗಿ ಸೇರಿಸಬೇಕು, ಪ್ರಬಲ ಆಮ್ಲಕ್ಕೆ ನೀರನ್ನು ಎಂದೂ ಸುರಿಯಬಾರದು. ಬೆರೆಯುವಾಗ ಹುಟ್ಟುವ ಶಾಖದಿಂದ ಆಮ್ಲ ಮೈಮೇಲೆ ಸಿಡಿಯುವ ಅಪಾಯವಿದೆ.

ನೀವೇ ಬಿಡಿಸಿ

ಪ್ರತಿಯೊಂದಕ್ಕೂ ಅಂದಾಜು, ಪಟ್ಟಿ, ತಾಳೆ ಮೂರನ್ನೂ ಬರೆಯಿರಿ.

1. ಶೇ. 60 ಮತ್ತು ಶೇ. 85 ತಾಮ್ರವಿರುವ ಎರಡು ಹಿತ್ತಾಳೆಗಳನ್ನು ಕರಗಿಸಿ ಶೇ. 70 ತಾಮ್ರವಿರುವ 50 ಕೆಜಿ ಹಿತ್ತಾಳೆ ಮಾಡಬೇಕು. ಪ್ರತಿಯೊಂದೂ ಎಷ್ಟು ಬೇಕು?

2. ಶೇ. 15ರ 6 ಕೆಜಿ ಉಪ್ಪುನೀರನ್ನು ಶೇ. 10ಕ್ಕೆ ಇಳಿಸಲು ಎಷ್ಟು ನೀರು ಸೇರಿಸಬೇಕು? ಇದೇ ಹೇಳಿಕೆಯಲ್ಲಿ “ಶೇ. 10ಕ್ಕೆ” ಎಂಬುದರ ಬದಲು “ಈಗಿರುವ ಸಾರತೆಯ ಶೇ. 10ರಷ್ಟು” ಎಂದಿದ್ದರೆ ಉತ್ತರ ಏನಾಗುತ್ತದೆ?

3. ಒಂದು ತೊಟ್ಟಿಯಲ್ಲಿ ಶೇ. 40ರ 15 ಲೀಟರ್ ಆಮ್ಲವಿದೆ. ಸ್ವಲ್ಪ ತೆಗೆದು ಅಷ್ಟೇ ನೀರು ತುಂಬಿದಾಗ ಅದು ಶೇ. 24 ಆಯಿತು. ತೆಗೆದದ್ದು ಎಷ್ಟು?

ಉತ್ತರಗಳು: ಮೊದಲನೆಯದಕ್ಕೆ ಶೇ. 60ರದ್ದು 30 ಕೆಜಿ, ಶೇ. 85ರದ್ದು 20 ಕೆಜಿ. ಎರಡನೆಯದಕ್ಕೆ 3 ಕೆಜಿ. ಮಾತು ಬದಲಾದಾಗ ತಲುಪಬೇಕಾದ ಸಾರತೆ ಶೇ. 13.5, ಆಗ ಬೇಕಾದ ನೀರು 0.9 ÷ 0.135 − 6, ಅಂದರೆ ಸುಮಾರು 0.67 ಕೆಜಿ ಮಾತ್ರ. ಮೂರನೆಯದಕ್ಕೆ 6 ಲೀಟರ್. ಇಲ್ಲಿ ತುಂಬಿದ್ದು ನೀರಾದ್ದರಿಂದ ಸಮೀಕರಣ 0.40(15 − ಕ) = 0.24 × 15 ಎಂದಷ್ಟೇ ಆಗುತ್ತದೆ. ಎಡಬದಿಯಲ್ಲಿ ನೀವು + ಕ ಎಂದು ಬರೆದಿದ್ದರೆ, ಪಟ್ಟಿಯ ನೀರಿನ ಸಾಲಿನಲ್ಲಿ ಸಾರತೆ 0 ಎಂದು ತುಂಬಿಸಿ ಮತ್ತೊಮ್ಮೆ ಬಿಡಿಸಿ.